ಗಿರಣಿ ಬೀಗತನ

ಐವತ್ತೆರಡು ದಿನ ಮುಚ್ಚಿದ್ದ ಗಿರಣಿಯ ಬಾಗಿಲು ತೆಗೆದಾಗ ಒಳಗಿಂದ ಮೊದಲು ಹೊರಗೆ ಬಂದದ್ದು ಇಲಿ. ಅದೂ ಒಂದಲ್ಲ, ಸಂಸಾರ ಸಮೇತ.

"ಲಾಕ್‌ಡೌನಿನ್ಯಾಗ ನೀ ಸುಮ್ಮ ಕೂತಿಲ್ಲ ಬಿಡು ಸಂಗಣ್ಣ, ಬಾಡಿಗಿಗಿ ಕೊಟ್ಟಿದ್ದಿ," ಎಂದಳು ಪಾರ್ವತೆಮ್ಮ. ಆಕೆ ಓಣಿಯ ಹಿರಿಯಳು. ಬಾಯಿಗೆ ಕಟ್ಟಿಕೊಂಡ ಮಾಸ್ಕು ಗದ್ದದ ಕೆಳಗೇ ಇರುತ್ತಿತ್ತು, ಮಾತಾಡಲು ಅಡ್ಡ ಬರುತ್ತದೆಂದು.

ಸಂಗಮನಾಥ ನಗುತ್ತ ಕಸಬರಿಗೆ ಹಿಡಿದ. ಶಹಾಪುರದ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಅವನ ಅಪ್ಪ ಇಟ್ಟ ಗಿರಣಿ ಅದು. ಎರಡನೇ ಅಲೆಯ ಹೊತ್ತಿಗೆ ಗಿರಣಿ ನಡೆಸಬಹುದು ಅಂದವರೂ ಇದ್ದರು, ನಡೆಸಬಾರದು ಅಂದವರೂ ಇದ್ದರು. ಪೊಲೀಸರ ಲಾಠಿ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅದರ ಮೇಲೆ ಓಣಿಯಲ್ಲೇ ಒಬ್ಬರಿಗೆ ರೋಗ ಬಂದು, ಎರಡೂ ತುದಿಗೆ ಬಿದಿರು ಕಟ್ಟಿ ದಾರಿ ಮುಚ್ಚಿದ್ದರು. ಜನ ಅಟ್ಟದ ಮೇಲಿನ ಬೀಸುಕಲ್ಲು ಇಳಿಸಿದರು; ತೋಳಲ್ಲಿ ಕಸುವಿಲ್ಲದವರು ಬಸ್‌ಸ್ಟ್ಯಾಂಡ್ ಹತ್ತಿರದ ದೊಡ್ಡ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತರಿಸಿದರು. ಆ ಹಿಟ್ಟಿನ ರೊಟ್ಟಿಯನ್ನು ಪಾರ್ವತೆಮ್ಮ 'ಪುಟ್ಟಾ' ಅಂತ ಕರೆದಳು, ಅಂದರೆ ರಟ್ಟು.

ಹಾಗಾಗಿ ಜೂನ್ ತಿಂಗಳ ಆ ಮುಂಜಾನೆ ಗಿರಣಿ ಮುಂದೆ ಒಂಬತ್ತು ಡಬ್ಬಿ ಪಾಳಿ ಹಚ್ಚಿ ನಿಂತದ್ದು ಹಬ್ಬದಂತೆಯೇ ಇತ್ತು. ಸರೋಜಾ ಟೀಚರ್ ಹಿಂದಿನ ದಿನವೇ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದಳು: "ನಮ್ಮ ಓಣಿಯ ಅಂಗಡಿಗಳು ನಮ್ಮವು. ಹಿಟ್ಟು ಸಂಗಣ್ಣನ ಗಿರಣಿಯಲ್ಲಿ, ಚಹಾ ಚಮನಬೀ ಹತ್ತಿರ. ಹೊರಗೆ ಹೋಗುವುದು ಬೇಡ. ನಾವು ನಿಲ್ಲದಿದ್ದರೆ ಅವರು ನಿಲ್ಲುವುದಿಲ್ಲ." ಅದಕ್ಕೆ ಇಪ್ಪತ್ತು ಮಂದಿ ಕೈ ಮುಗಿದ ಚಿತ್ರ ಹಾಕಿದ್ದರು. ಸಂಗಮನಾಥ ಅದನ್ನು ಹೆಂಡತಿ ದಾನೇಶ್ವರಿಗೆ ಎರಡು ಸಲ ಓದಿ ತೋರಿಸಿದ್ದ. ಎರಡನೇ ಸಲ ಅವನ ದನಿ ಒಂಚೂರು ಒಡೆದಿತ್ತು. ಈ ಐವತ್ತು ದಿನದಲ್ಲಿ ಗಿರಣಿ ಮಾರಿಬಿಡುವ ಮಾತು ಅವರ ಮನೆಯಲ್ಲಿ ಮೂರು ಸಲ ಬಂದು ಹೋಗಿತ್ತು.

ಮೋಟಾರು ಒಮ್ಮೆ ಕೆಮ್ಮಿ ತಿರುಗಿತು. ಬಟ್ಟೆಯ ಚೀಲದಿಂದ ಬೆಚ್ಚನೆಯ ಹಿಟ್ಟು ಸುರಿಯತೊಡಗಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ಹೆಂಗಸರ ಬಾಯಿ ಬಿಚ್ಚಿಕೊಂಡವು.

"ನನ್ನ ಹಿಂದ ಯಾರದಾರ ಟೀಚರ್?"

"ನಿಮ್ಮ ಹಿಂದ ನಾನಽ ಪಾರ್ವತೆತ್ತಿ. ಇವತ್ತ ನಾವು ಬೀಗ್ತೇರು."

"ಹಂಗಾದ್ರ ನಮ್ಮನಿ ಜ್ವಾಳಕ್ಕ ಚಲೋ ಮರ್ಯಾದಿ ಮಾಡು. ಒಣಾ ಪಲ್ಯಾ ಹಾಕಿ ಕಳಸಬ್ಯಾಡ."

ಬೀಗತನದ ಈ ಮಾತು ಆ ಗಿರಣಿಯಷ್ಟೇ ಹಳೆಯದು. ಒಬ್ಬರ ಜೋಳ ಮುಗಿದು ಇನ್ನೊಬ್ಬರದು ಬೀಳುವಾಗ ನಡುವೆ ಗೋಡೆಯೇನೂ ಇರುವುದಿಲ್ಲವಲ್ಲ. ಮೊದಲು ಬೀಸಿಸಿದವರ ಒಂದು ಹಿಡಿ ಹಿಟ್ಟು ಕಲ್ಲಿನ ಸಂದಿಯಲ್ಲಿ ಉಳಿದು ಆಮೇಲಿನವರ ಡಬ್ಬಿಗೆ ಬೀಳುತ್ತದೆ. ಅವರ ಮನೆಯದು ಇವರ ಮನೆ ಸೇರಿತು, ಹೆಣ್ಣು ಕೊಟ್ಟ ಹಾಗೆ. ಅದಕ್ಕೆ ಪಾಳಿಯಲ್ಲಿ ಒಬ್ಬರ ಹಿಂದೊಬ್ಬರು ನಿಂತವರು ಅವತ್ತಿನ ಮಟ್ಟಿಗೆ ಬೀಗತಿಯರು. ಜಗಳಾಡಿಕೊಂಡ ನೆಗೆಣ್ಣಿಯರೂ ಈ ಕಲ್ಲಿನ ಮುಂದೆ ಬೀಗತಿಯರಾಗಿ ನಕ್ಕು ಹೋದದ್ದನ್ನು ಸಂಗಮನಾಥ ಕಂಡಿದ್ದ.

ನಾಲ್ಕನೇ ಡಬ್ಬಿ ಬೀಸುವಾಗ ರೇಣಮ್ಮ ಬಂದಳು.

ಟೊಂಕದ ಮೇಲೆ ಸ್ಟೀಲಿನ ಡಬ್ಬಿ, ತಲೆ ತುಂಬ ಸೆರಗು. ಯಾರ ಮುಖವನ್ನೂ ನೋಡದೆ ಸೀದಾ ಬಂದು ಪಾಳಿಯ ಕೊನೆಗೆ ಡಬ್ಬಿ ಇಟ್ಟು, ಗೋಡೆಗೆ ಆತು ಕೂತಳು. ಓಣಿಗೆ ಬಿದಿರು ಕಟ್ಟಿದ್ದು ಆಕೆಯ ಗಂಡ ಭಗವಂತರಾಯನ ಸಲುವಾಗಿ. ಅವನನ್ನು ಯಾದಗಿರಿಗೆ ಒಯ್ದ ಗಾಡಿ ಹೋಯಿತು, ಅವನು ಮರಳಿ ಬರಲಿಲ್ಲ. ಅದಾಗಿ ನಲವತ್ತು ದಿನ ದಾಟಿತ್ತು. ರೇಣಮ್ಮನ ತಪಾಸಣೆ ಎರಡು ಸಲ ಆಗಿ, ಎರಡು ಸಲವೂ ಏನೂ ಇಲ್ಲವೆಂದು ಬಂದಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ಮಾತು ನಿಂತಿತು. ಗಿರಣಿಯೊಂದೇ ಮಾತಾಡುತ್ತಿತ್ತು.

ಆಮೇಲೆ ಡಬ್ಬಿ ಹಿಡಿದು ಬಂದವಳು ಅದನ್ನು ರೇಣಮ್ಮನ ಡಬ್ಬಿಯ ಹಿಂದೆ ಇಡಲಿಲ್ಲ, ಮುಂದೆ ಇಟ್ಟಳು. "ಹಾಲು ಒಲಿ ಮ್ಯಾಲ ಇಟ್ಟು ಬಂದೀನ್ರಿ" ಎಂದಳು. ಅವಳ ನಂತರದವಳಿಗೆ ಮಗು ಅಳುತ್ತಿತ್ತಂತೆ. ಇನ್ನೊಬ್ಬಳು ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಪಾಳಿ ಮುಂದೆ ಸರಿಯುತ್ತಿತ್ತು, ರೇಣಮ್ಮನ ಡಬ್ಬಿ ಮಾತ್ರ ಇಟ್ಟಲ್ಲೇ ಇತ್ತು.

ಪಾರ್ವತೆಮ್ಮ ಹಿಟ್ಟು ತುಂಬಿಸಿಕೊಳ್ಳುವ ನೆಪದಲ್ಲಿ ಸಂಗಮನಾಥನ ಕಿವಿ ಹತ್ತಿರ ಬಂದಳು. "ಆಕಿದು ಕಲ್ಲಿಗಿ ಬಿತ್ತಂದ್ರ ನಾಳಿ ಬೆಳಗ್ಗೆ ಮೊದಲ ಡಬ್ಬಿ ಯಾರದು? ಹೇಳು. ನಮ್ಮನ್ಯಾಗ ಸಣ್ಣ ಕೂಸುಗೊಳು ಅದಾವಪ್ಪ. ಹೊಟ್ಟಿಕಿಚ್ಚಲ್ಲ ಇದು, ಅಂಜಿಕಿ."

"ಹಿಟ್ಟಿನ್ಯಾಗ ಎಲ್ಲಿ ಬರ್ತದ ಅತ್ತಿ?"

"ಎಲ್ಲಿ ಬರ್ತದಂತ ಯಾರಿಗಿ ಗೊತ್ತಿತ್ತು? ಭಗವಂತನಿಗಿ ಎಲ್ಲಿಂದ ಬಂತಂತ ಗೊತ್ತಾಯ್ತೇನು?"

ಸಂಗಮನಾಥ ಆಕೆಯ ಡಬ್ಬಿಯ ಮುಚ್ಚಳ ಒತ್ತಿ ಕೊಟ್ಟ. ಹತ್ತು ಗಂಟೆಗೆ ಕೊನೆಯ ಡಬ್ಬಿ ಮುಗಿಯಿತು. ರೇಣಮ್ಮ ಎದ್ದು ನಿಂತು ತನ್ನದನ್ನು ಎತ್ತಿಕೊಂಡಳು. ಅವನು ಮೋಟಾರು ಬಂದ್ ಮಾಡಿ, ಕಲ್ಲಿನ ಕಡೆ ನೋಡುತ್ತ ಹೇಳಿದ:

"ವೈನಿ, ಪಟ್ಟಾ ಹರಿಯಂಗ ಆಗ್ಯಾದ್ರಿ. ನಾಳಿ ಬರ್ರಿ."

ರೇಣಮ್ಮ ಮೋಟಾರಿನ ಆ ರಬ್ಬರ್ ಪಟ್ಟಾದ ಕಡೆ ಒಮ್ಮೆ ನೋಡಿದಳು. "ಡಬ್ಬಿ ಇಲ್ಲೇ ಇರ್ಲಿ. ಹೊತ್ತು ತಿರುಗಾಕ ಕಸುವಿಲ್ಲ," ಎಂದು ಮೂಲೆಯಲ್ಲಿಟ್ಟು ಹೋದಳು.

ಬಾಗಿಲಾಚೆ ಚಹಾದ ಬಂಡಿಯಲ್ಲಿದ್ದ ಚಮನಬೀ ಆಕೆಯನ್ನು ಕೂಗಿ ಕರೆದು, ಗಾಜಿನ ಲೋಟದಲ್ಲಿ ಚಹಾ ಕೊಟ್ಟಳು. ಉಳಿದವರಿಗೆಲ್ಲ ಅವತ್ತು ಕಾಗದದ ಕಪ್ಪು. ರೇಣಮ್ಮ ಕುಡಿದು ಹೋದ ಮೇಲೆ ಚಮನಬೀ ಗಿರಣಿಯೊಳಗೆ ಇಣುಕಿದಳು.

"ಸಂಗಣ್ಣ ಭಾಯಿ, ಪಟ್ಟಾ ನೋಡಿದ್ರ ಹೊಸಾದಿದ್ದಂಗ ಅದ."

"ನೀ ನಿನ್ನ ಚಾ ನೋಡಕೊ ಚಮನಬೀ."

"ನೋಡಕೊಂಡೀನಿ. ಹೋದ ವರ್ಷ ನಾಕು ತಿಂಗಳು ನನ್ನ ಚಾ ನಾನೇ ಕುಡದೀನಿ, ರೋಗ ನಮ್ಮ ಮಂದಿ ತಂದ್ರಂತ ಯಾರೂ ಮುಟ್ಟಿರ್ಲಿಲ್ಲ. ಅದಕ್ಕೇ ಹೇಳಿದೆ," ಎಂದು ಆಕೆ ಲೋಟ ತೊಳೆಯಲು ಹೋದಳು.

ಮರುದಿನ ಗಿರಣಿ ತೆರೆಯುವ ಮುಂಚೆ ಸಂಗಮನಾಥ ರೇಣಮ್ಮನ ಡಬ್ಬಿಯ ಮೇಲೆ ಗೋಣಿಚೀಲ ಹೊದಿಸಿದ. ಯಾಕೆ ಹೊದಿಸಿದನೋ ಅವನಿಗೇ ಗೊತ್ತಾಗಲಿಲ್ಲ. ಪಾಳಿ ಮುಗಿದ ಹೊತ್ತಿಗೆ ಆಕೆ ಬಂದು ಬಾಗಿಲಲ್ಲೇ ನಿಂತಳು.

"ಪಟ್ಟಾ ಸರಿಯಾಯ್ತೇನು?"

"ಇಲ್ರಿ ವೈನಿ, ಇನ್ನಾ..."

"ಇವತ್ತ ಹನ್ನೊಂದು ಡಬ್ಬಿ ಬೀಸೀದಿ. ಎಂಟು ಜ್ವಾಳ, ಮೂರು ಗೋಧಿ. ಆರನೇದ್ದು ಹಳೀ ಜ್ವಾಳ, ಹುಳಾ ಬಿದ್ದಿದ್ದು. ಹೌದಿಲ್ಲೋ?"

ಸಂಗಮನಾಥ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಮರೆತಿದ್ದ ಅವನು. ರೇಣಮ್ಮನ ಮನೆ ಗಿರಣಿಯ ಹಿಂದಿನ ಗೋಡೆಯಾಚೆಗೇ ಇತ್ತು. ಅದೂ ಅಲ್ಲದೆ, ಭಗವಂತರಾಯ ಈ ಸುತ್ತಿನ ಗಿರಣಿಗಳಿಗೆಲ್ಲ ಕಲ್ಲಿಗೆ ಟಾಕಿ ಹೊಡೆಯುತ್ತಿದ್ದವನು. ಬೀಸಿ ಬೀಸಿ ನುಣ್ಣಗಾದ ಕಲ್ಲನ್ನು ಬಿಚ್ಚಿ, ಚಾಣ ಸುತ್ತಿಗೆ ಹಿಡಿದು, ಮತ್ತೆ ಗೀರು ಗೀರಾಗಿ ಕಚ್ಚು ಹಾಕುವುದು ಅವನ ಕೆಲಸ. ಹತ್ತಿರದ ಗೋಗಿ ಊರಿನ ಕುರಿ ಕಾಯುವವರ ಮನೆಯಿಂದ ಬಂದವನು, ಯಾರ ಕೈಕೆಳಗೂ ಕಲಿತವನಲ್ಲ. ಗಿರಣಿಯ ಸಪ್ಪಳ ಕೇಳಿಯೇ ಕಲ್ಲು ಹೇಗಿದೆ ಎಂದು ಮನೆಯಲ್ಲಿ ಕೂತು ಹೇಳುತ್ತಿದ್ದ. ಮೂವತ್ತು ವರ್ಷ ಪಕ್ಕದಲ್ಲಿ ಕೂತು ನೀರು ಚಿಮುಕಿಸಿದವಳ ಕಿವಿಯೂ ಅದೇ ಆಗಿತ್ತು.

"ಮತ್ತೊಂದು ಹೇಳ್ತೀನಿ," ಎಂದಳು ರೇಣಮ್ಮ. "ಕಲ್ಲು ಸವದದ. ಜಾರ್ತದ. ಮಂದಿ ಇನ್ನಾ ಅಂದಿಲ್ಲ, ಅಂತಾರ." ಅಷ್ಟು ಹೇಳಿ ಹೋದಳು. ಡಬ್ಬಿ ಕೇಳಲಿಲ್ಲ.

ಬಯ್ದಿದ್ದರೆ ಚಲೋ ಇತ್ತು ಅಂದುಕೊಂಡ ಸಂಗಮನಾಥ. ಊಟಕ್ಕೆ ಕೂತಾಗ ದಾನೇಶ್ವರಿ ಕೇಳಿದಳು, "ಆಕಿ ಡಬ್ಬಿ ಬೀಸಿದ್ರೇನು?"

"ಬೀಸ್ಬೇಕು."

"ಬೀಸ್ಬೇಕು ಅಂದ್ರ ಬೀಸಿಲ್ಲ."

"ಏ, ನಿನಗೇನು ಗೊತ್ತಾಗ್ತದ? ಹನ್ನೊಂದು ಡಬ್ಬಿ ಬಂದಾವ. ಎರಡು ತಿಂಗಳಾದ ಮ್ಯಾಲ ಬಂದಾವ. ಒಂದರ ಸಲುವಾಗಿ ಹನ್ನೊಂದು ಕಳಕೊಂಡು ಗಿರಣಿಗಿ ಕೀಲಿ ಹಾಕ್ಲಿ?"

ದಾನೇಶ್ವರಿ ತಟ್ಟೆಗೆ ರೊಟ್ಟಿ ಹಾಕಿದಳು. ರೊಟ್ಟಿ ನಡುವೆ ಸೀಳಿತ್ತು. "ಇದನ್ನ ನೋಡ್ರಿ ಮೊದಲ," ಎಂದಳು. "ಜಿಗೀನೇ ಇಲ್ಲ ಹಿಟ್ಟಿಗಿ. ಬಡ್ಯಾಕ ಹೋದ್ರ ಹರೀತದ."

ನಾಲ್ಕು ದಿನದಲ್ಲಿ ಓಣಿಗೆ ಓಣಿಯೇ ಅದನ್ನು ಹೇಳಿತು. ಸವೆದ ಕಲ್ಲು ಕಾಳನ್ನು ಒಡೆಯುವುದಿಲ್ಲ, ಉಜ್ಜುತ್ತದೆ. ಹಿಟ್ಟು ಕಾದು ಸುಟ್ಟಂತಾಗುತ್ತದೆ. ಸುಟ್ಟ ಹಿಟ್ಟಿಗೆ ಜಿಗಿ ಹಿಡಿಯುವುದಿಲ್ಲ. ಪಾರ್ವತೆಮ್ಮ ಮುರಿದ ರೊಟ್ಟಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಎಲ್ಲರೆದುರಿಗೆ ಬಿಚ್ಚಿ ತೋರಿಸಿದಳು. "ಹಪ್ಪಳಾ ಮಾಡೀನಿ ನೋಡ್ರೆವ್ವ, ಸಂಗಣ್ಣನ ಗಿರಣೀದು." ಪಾಳಿ ಹನ್ನೊಂದರಿಂದ ಏಳಕ್ಕೆ ಬಂತು, ಏಳರಿಂದ ಐದಕ್ಕೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಪ್ಯಾಕೆಟ್ ಹಿಟ್ಟಿನ ರಿಯಾಯಿತಿಯ ಚಿತ್ರ ಹಾಕಿದರು. ಸರೋಜಾ ಟೀಚರ್ ಏನೂ ಬರೆಯಲಿಲ್ಲ.

ಸಂಗಮನಾಥ ಸುರಪುರದ ಕಡೆ ಫೋನು ಹಚ್ಚಿದ. ರಂಗಂಪೇಟೆಯಲ್ಲಿ ಟಾಕಿ ಹೊಡೆಯುವ ಮುದುಕನೊಬ್ಬನಿದ್ದ. ಅವನ ಸೊಸೆ ಫೋನೆತ್ತಿ, ಮಾವನಿಗೂ ಆ ರೋಗ ಬಂದು ಹೋಗಿದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ಸುತ್ತಿಗೆ ಎತ್ತುವುದು ದೂರದ ಮಾತು ಎಂದಳು. ಯಾದಗಿರಿಯಲ್ಲಿ ಇದ್ದವನು ಊರು ಬಿಟ್ಟಿದ್ದ. ಉಳಿದದ್ದು ಗೋಡೆಯಾಚೆಯ ಮನೆ.

ಸಂಜೆ ನಾಲ್ಕರ ಹೊತ್ತಿಗೆ ಅವನು ಆ ಬಾಗಿಲಿಗೆ ಹೋದ. ಬಾಗಿಲ ಚೌಕಟ್ಟಿನ ಮೇಲೆ ರೋಗದ ಮನೆಯೆಂದು ಅಂಟಿಸಿದ್ದ ಕಾಗದ ಕಿತ್ತರೂ ಅಂಟು ಹಾಗೇ ಉಳಿದಿತ್ತು. ರೇಣಮ್ಮ ಅಂಗಳದಲ್ಲಿ ಬೀಸುಕಲ್ಲಿನ ಮುಂದೆ ಕೂತಿದ್ದಳು. ತನ್ನ ಪೂರ್ತಿ ಜೋಳ ಗಿರಣಿಯಲ್ಲಿ ಬಿಟ್ಟು, ಯಾರದೋ ಮನೆಯಿಂದ ತಂದ ಎರಡು ಸೇರನ್ನು ಬೀಸುತ್ತಿದ್ದಳು. ಅದನ್ನು ನೋಡಿ ಅವನು ಹೊಸ್ತಿಲಲ್ಲೇ ನಿಂತ.

"ಬಾ ಸಂಗಣ್ಣ. ಕುಂಡ್ರು. ಹೆದರಿಕಿ ಇದ್ರ ಅಲ್ಲೇ ನಿಂದ್ರು."

ಅವನು ಕೂತ. "ವೈನಿ, ಅಣ್ಣನ ಚಾಣ, ಸುತ್ತಿಗಿ... ನಾನಽ ಹೊಡೀತೀನಂತ ಮಾಡೀನಿ."

"ಚಾಣ ಕೊಡ್ತೀನಿ. ಕೈ ಎಲ್ಲಿಂದ ಕೊಡ್ಲಿ?" ರೇಣಮ್ಮ ಬೀಸುವುದು ನಿಲ್ಲಿಸಲಿಲ್ಲ. "ನೀ ಹೊಡದ್ರ ಕಲ್ಲು ಎರಡು ತುಂಡಾಗ್ತದ. ನಾ ಹೊಡೀತೀನಿ. ಅವರಿಗೆ ಕಣ್ಣಿಗಿ ಪೊರಿ ಬಂದ ಮ್ಯಾಲ ಎರಡು ವರ್ಷ, ನೀವೆಲ್ಲಾ ಊಟಕ್ಕ ಹೋದ ಹೊತ್ತಿನ್ಯಾಗ, ನಾನೇ ಹೊಡದೀನಿ. ಅವರು ಬಾಜೂಕ ಕೂತು ಬೈತಿದ್ರು, ಅಷ್ಟೇ."

"ಮಂದಿ..."

"ಮಂದಿ ಏನಂತಾರ? ನನ್ನ ಕೈ ಕಲ್ಲಿಗಿ ಹತ್ತಿದ್ರ ನಡೀತದ, ನನ್ನ ಜ್ವಾಳ ಹತ್ತಿದ್ರ ನಡ್ಯಂಗಿಲ್ಲ. ಹಂಗೇನು?"

ಸಂಗಮನಾಥ ನೆಲದ ಮೇಲೆ ಚೆಲ್ಲಿದ್ದ ಕಾಳು ಆರಿಸತೊಡಗಿದ.

"ಹಗಲಿನ್ಯಾಗ ಬರ್ತೀನಿ," ಎಂದಳು ಆಕೆ. "ಪಾಳಿ ನಿಂತಿರ್ಬೇಕು, ಬಾಗಿಲಾ ತಗದಿರ್ಬೇಕು. ಕಳ್ಳರಂಗ ಹಿತ್ತಲ ಬಾಗಿಲಲೇ ಬರಂಗಿಲ್ಲ."

ತನ್ನ ಡಬ್ಬಿ ಬೀಸು ಎಂದು ಆಕೆ ಆಗಲೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಗಿರಣಿಗೆ ಮರಳುವ ಹತ್ತು ಹೆಜ್ಜೆಯೊಳಗೆ ಸಂಗಮನಾಥನಿಗೆ ನೆನಪಾಯಿತು. ಹೊಸದಾಗಿ ಟಾಕಿ ಹೊಡೆದ ಕಲ್ಲಿಗೆ ಮೊದಲು ಎರಡು ಸೇರು ನುಚ್ಚು ಹಾಕಿ, ಕಲ್ಲಿನ ಪುಡಿಯೆಲ್ಲ ಹೋಗುವಂತೆ ಬೀಸಿ ಚೆಲ್ಲಬೇಕು. ಆಮೇಲಿನ ಮೊದಲ ಹಿಟ್ಟು ಟಾಕಿ ಹೊಡೆದವರ ಮನೆಗೆ. ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು ಅದು. ಭಗವಂತರಾಯನ ಡಬ್ಬಿ ಬೀಸದೆ ಇನ್ನೊಬ್ಬರದನ್ನು ಮುಟ್ಟಿದ ದಿನವೇ ಇರಲಿಲ್ಲ. ಮೊದಲ ಡಬ್ಬಿ ಅಂದ ಮೇಲೆ ಎರಡನೆಯದೂ ಒಂದು ಇರಲೇಬೇಕು. ಅದು ಯಾರದು?

ಮರುದಿನ ಮುಂಜಾನೆ ಐದು ಡಬ್ಬಿ ಬಂದಿದ್ದವು. ಮೊದಲನೆಯದು ಪಾರ್ವತೆಮ್ಮನದು, ಹೊಟ್ಟೆಯ ಮೇಲೆ ತಗ್ಗು ಬಿದ್ದು ಹಿಡಿಕೆಗೆ ಕೆಂಪು ದಾರ ಕಟ್ಟಿದ್ದು. ಎರಡನೆಯದು ಸರೋಜಾ ಟೀಚರದು. ಕಲ್ಲಿಗೆ ಟಾಕಿ ಹೊಡೆಸುತ್ತಾರೆ ಅಂದಾಗ ಎಲ್ಲರಿಗೂ ಖುಷಿಯಾಯಿತು. ಹೊಡೆಯಲು ಬಂದವಳನ್ನು ನೋಡಿ ಮಾತ್ರ ಹಿಂದೆ ಸರಿದು ನಿಂತರು.

ರೇಣಮ್ಮ ಸೆರಗು ಕಟ್ಟಿ ಕೂತಳು. ಸಂಗಮನಾಥ ಮೇಲಿನ ಕಲ್ಲು ಬಿಚ್ಚಿ ಉರುಳಿಸಿ ಕೊಟ್ಟ. ಟಣ್, ಟಣ್, ಟಣ್. ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ, ಒಂದು ಗೀರಿನ ಪಕ್ಕ ಇನ್ನೊಂದು. ಕಲ್ಲಿನ ಕಿಡಿ ಮುಖಕ್ಕೆ ಹಾರಿದರೂ ಕಣ್ಣು ಮಿಟುಕಿಸಲಿಲ್ಲ. ಒಮ್ಮೊಮ್ಮೆ ಕೈ ನಿಲ್ಲಿಸಿ ಎಡಕ್ಕೆ ನೋಡುತ್ತಿದ್ದಳು, ಅಲ್ಲಿ ಕೂತು ಬಯ್ಯುವವರು ಯಾರೋ ಇದ್ದ ಹಾಗೆ. ಮತ್ತೆ ತಾನೇ ಗೊಣಗಿಕೊಂಡು ಹೊಡೆಯುತ್ತಿದ್ದಳು. ಚಮನಬೀ ಬಂಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಪಾರ್ವತೆಮ್ಮನಂಥವಳೂ ಬಾಯಿ ತಪ್ಪಿ, "ಕೈ ಅಂದ್ರ ಕೈ ನೋಡವ್ವ," ಎಂದುಬಿಟ್ಟಳು.

ಎರಡು ತಾಸಿನ ಮೇಲೆ ಕಲ್ಲು ಕೂತಿತು. ಸಂಗಮನಾಥ ನುಚ್ಚು ಹಾಕಿ ಬೀಸಿ, ಬೂದು ಬಣ್ಣದ ಆ ಹಿಟ್ಟನ್ನು ಹೊರಗೆ ಚೆಲ್ಲಿದ. ರೇಣಮ್ಮ ಕೈ ಕಾಲು ತೊಳೆದುಕೊಂಡು ಗೋಡೆಗೆ ಆತು ನಿಂತಳು. ಮೂಲೆಯ ಗೋಣಿಚೀಲದ ಕಡೆ ಆಕೆ ನೋಡಲಿಲ್ಲ. ಉಳಿದವರೆಲ್ಲ ಅಲ್ಲಿಗೇ ನೋಡುತ್ತಿದ್ದರು.

"ಹಾಕಪ್ಪ ನಂದು," ಎಂದು ಪಾರ್ವತೆಮ್ಮ ತನ್ನ ಡಬ್ಬಿ ಮುಂದೆ ತಳ್ಳಿದಳು. ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

ಸಂಗಮನಾಥ ಕೈ ಚಾಚಿದ. ಕೆಂಪು ದಾರ ಬೆರಳಿಗೆ ತಗುಲಿತು. ಎತ್ತಿ ಸುರಿದರೆ ಮುಗಿಯಿತು, ಐದು ಡಬ್ಬಿ ಉಳಿಯುತ್ತವೆ, ನಾಳೆ ಹತ್ತಾಗುತ್ತವೆ, ರೊಟ್ಟಿ ಚಲೋ ಆಯಿತೆಂದು ಊರೇ ಬರುತ್ತದೆ. ಅವನು ಹಿಡಿಕೆ ಬಿಟ್ಟ. ಮೂಲೆಗೆ ಹೋಗಿ ಗೋಣಿಚೀಲ ಸರಿಸಿ ರೇಣಮ್ಮನ ಡಬ್ಬಿ ತಂದ.

"ಸಂಗಣ್ಣ," ಎಂದಳು ಸರೋಜಾ ಟೀಚರ್ ಮೆಲ್ಲಗೆ, "ಸ್ವಲ್ಪ ವಿಚಾರ ಮಾಡ್ರಿ."

"ಮಾಡೀನ್ರಿ ಟೀಚರ್. ಟಾಕಿ ಹೊಡದವರದು ಮೊದಲು. ನಮ್ಮಪ್ಪ ಹಂಗ ಇಟ್ಟು ಹೋಗ್ಯಾನ." ತನ್ನ ಧೈರ್ಯಕ್ಕೆ ಅಪ್ಪನ ಹೆಸರು ಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಜೋಳ ಸುರಿದ.

ಗಿರಣಿಯ ದನಿಯೇ ಬದಲಾಗಿತ್ತು, ತುಂಬಿದ ಗಂಟಲಿನ ಹಾಗೆ. ಹಿಟ್ಟು ತಣ್ಣಗೆ, ಬೆಳ್ಳಗೆ ಬಿತ್ತು. ಡಬ್ಬಿ ತುಂಬಿದ ಮೇಲೆ ಅವನು ತಿರುಗಿ ಪಾಳಿಯನ್ನು ನೋಡಿದ. "ಮುಂದಿಂದು ಕೊಡ್ರಿ."

ಯಾರ ಕೈಯೂ ಏಳಲಿಲ್ಲ. ಸರೋಜಾ ಟೀಚರ್ ಬಗ್ಗಿ ತನ್ನ ಡಬ್ಬಿ ಎತ್ತಿಕೊಂಡು, ಶಾಲೆಯಲ್ಲಿ ಮೀಟಿಂಗ್ ಇದೆ ಎಂದಳು. ಶಾಲೆ ಇನ್ನೂ ತೆರೆದಿರಲಿಲ್ಲ. ಅವಳ ಬೆನ್ನಿಗೆ ಇನ್ನಿಬ್ಬರು ಹೋದರು. ಆ ಹೊತ್ತಿಗೆ ಸರಿಯಾಗಿ ದಾನೇಶ್ವರಿ ಓಣಿಯ ತುದಿಯಿಂದ ಬಿರಬಿರನೆ ಬಂದಳು, ಟೊಂಕದಲ್ಲಿ ಮನೆಯ ಡಬ್ಬಿ. ಗಂಡನನ್ನು ಕೇಳಲೂ ಇಲ್ಲ, ತಾನೇ ಎತ್ತಿ ಕಲ್ಲಿಗೆ ಸುರಿದಳು.

"ನಾವಽ ಬೀಗ್ತೇರು ಬಿಡ್ರಿ ವೈನಿ ಇವತ್ತ," ಎಂದಳು ರೇಣಮ್ಮನಿಗೆ.

ರೇಣಮ್ಮ ನಗಲಿಲ್ಲ. ಹಿಟ್ಟಿನ ಡಬ್ಬಿ ಎತ್ತಿಕೊಂಡಳು. "ನಮ್ಮನಿ ಜ್ವಾಳ ಗೋಗೀದು," ಎಂದಳು. "ಬಿಸಿ ನೀರು ಕಮ್ಮಿ ಹಿಡೀತದ. ನೋಡಿ ಹಾಕು." ಗಂಡ ಹೋದ ಮೇಲೆ ಆಕೆ ಒಬ್ಬರ ಜೊತೆ ಅಡಿಗೆ ಮಾತಾಡಿದ್ದು ಅದೇ ಮೊದಲಿರಬೇಕು. ಮುಖ ಆಚೆ ತಿರುಗಿಸಿ ಹೊರಗೆ ನಡೆದಳು.

ದಾನೇಶ್ವರಿಯ ಜೋಳ ಮುಗಿಯಿತು. ಉಳಿದದ್ದು ಪಾರ್ವತೆಮ್ಮ ಮತ್ತು ಇನ್ನೊಬ್ಬಳು. ಸಂಗಮನಾಥ ಅವರ ಮುಖ ನೋಡಿದ. ಅವರು ಚಮನಬೀಯ ಬಂಡಿ ನೋಡಿದರು. ಕಲ್ಲು ಬರಿದೇ ತಿರುಗುತ್ತಿತ್ತು.

"ಬರೀ ಕಲ್ಲು ತಿರುಗಸಬ್ಯಾಡ ಸಂಗಣ್ಣ!" ರೇಣಮ್ಮ ಓಣಿಯ ನಡುವಿನಿಂದಲೇ ಕೂಗಿದಳು. "ಟಾಕಿ ಹೋಗ್ತದ!"

ಅವನು ಬಟನ್ ಒತ್ತಿದ. ಗಿರಣಿ ನರಳಿ ನಿಂತಿತು. ಪಾರ್ವತೆಮ್ಮ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು, ಎಂದೂ ಇಲ್ಲದ್ದು. "ನಾ ಏನೂ ಅಂದಿಲ್ಲಪ್ಪ," ಎಂದು ಡಬ್ಬಿ ಎತ್ತಿಕೊಂಡು ಹೋದಳು.

ಅವತ್ತಿನ ರೊಟ್ಟಿ ಸೀಳಲಿಲ್ಲ. ದಾನೇಶ್ವರಿ ಬಡಿದಷ್ಟೂ ಅಗಲವಾಯಿತು, ಬೆಂಕಿಯ ಮೇಲೆ ಪೂರ್ತಿ ಉಬ್ಬಿತು. ಸಂಗಮನಾಥ ಒಂದು ತುತ್ತು ಮುರಿದು ಬಹಳ ಹೊತ್ತು ಅಗಿದ. ಗೋಗಿಯ ಜೋಳದ್ದು ಯಾವುದು, ತಮ್ಮದು ಯಾವುದು, ಏನೂ ತಿಳಿಯಲಿಲ್ಲ. ಫೋನಿನಲ್ಲಿ ಓಣಿಯ ಗುಂಪು ತೆರೆದು ನೋಡಿದ. "ನಮ್ಮ ಓಣಿಯ ಅಂಗಡಿಗಳು ನಮ್ಮವು" ಹಾಗೇ ಇತ್ತು, ಇಪ್ಪತ್ತು ಮುಗಿದ ಕೈಗಳ ಸಮೇತ.

"ಗಿರಣಿ ಹೋಗ್ತದಂತೀಯೇನು?" ಎಂದ.

"ಹೋಗಬಹುದು," ಎಂದಳು ದಾನೇಶ್ವರಿ. "ಇನ್ನೊಂದು ಹಾಕ್ಲಿ?"

ಮರುದಿನ ಮುಂಜಾನೆ ಅವನು ಎಂದಿಗಿಂತ ಲಗೂನ ಹೋದ, ಪಾಳಿ ಇಲ್ಲದ್ದನ್ನು ಯಾರಾದರೂ ನೋಡುವ ಮೊದಲೇ ಬಾಗಿಲು ತೆಗೆಯೋಣವೆಂದು. ಚಮನಬೀ ಇನ್ನೂ ಒಲೆ ಹಚ್ಚಿರಲಿಲ್ಲ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಿರಣಿಯ ಮುಂದಿನ ಕಟ್ಟೆಯ ಮೇಲೆ, ಮೂಲೆಗೆ ಒತ್ತಿ, ಒಂದು ಡಬ್ಬಿ ಇತ್ತು. ಹೊಟ್ಟೆಯ ಮೇಲೆ ತಗ್ಗು. ಹಿಡಿಕೆಗೆ ಕಟ್ಟಿದ್ದ ಕೆಂಪು ದಾರವನ್ನು ಯಾರೋ ಬಿಚ್ಚಿದ್ದರು. ಅದು ಇದ್ದ ಜಾಗ ಮಾತ್ರ ಬೆಳ್ಳಗಿತ್ತು.

ಡಬ್ಬಿಯವಳು ಎಲ್ಲೂ ಕಾಣಲಿಲ್ಲ.

ಅವನು ಅತ್ತಿತ್ತ ನೋಡಿ, ಡಬ್ಬಿ ಒಳಗೆ ತಂದು, ಮೋಟಾರು ಹಚ್ಚಿ ಜೋಳ ಸುರಿದ. ಮುಗಿದ ಮೇಲೆ ಕಲ್ಲು ಬರಿದಾಗುವ ಮುಂಚೆಯೇ ಬಂದ್ ಮಾಡಿದ. ಬೇರೆ ಯಾರೂ ಬರಲಿಲ್ಲ. ಬಾಗಿಲಲ್ಲಿ ಕೂತು ಓಣಿ ನೋಡುತ್ತ ಕಾದ. ಹಿಂದಿನ ಗೋಡೆಯಾಚೆ ರೇಣಮ್ಮ ಎಣಿಸಿರಬೇಕು: ಒಂದು.